ಷರ್ಲಾಕ್ ಹೋಮ್ಸ್‌ನ ಮೊದಲ ಕೇಸನ್ನು ಕಿವಿಯಲ್ಲೇ ಮುಗಿಸುವುದು ಹೇಗೆ?

"ಆಡಿಯೊಬುಕ್ ಹಾಕಿಕೊಂಡೆ, ಹತ್ತು ನಿಮಿಷ ಚೆನ್ನಾಗಿತ್ತು, ಆಮೇಲೆ ಯಾರು ಯಾರಿಗೆ ಏನು ಹೇಳ್ತಿದ್ದಾರೆ ಅಂತಲೇ ತಿಳಿಯಲಿಲ್ಲ, ಆಫ್ ಮಾಡಿಬಿಟ್ಟೆ." ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಕೇಳಲು ಹೊರಟವರು ನನ್ನ ಹತ್ತಿರ ಹೇಳುವುದು ಹೆಚ್ಚೂಕಡಿಮೆ ಇದನ್ನೇ. ಇವರೇನು ಇಂಗ್ಲಿಷ್ ಬಾರದವರಲ್ಲ. ದಿನಾ ಇಂಗ್ಲಿಷಿನಲ್ಲೇ ಮೀಟಿಂಗ್ ಮಾಡಿ ಬರುವವರು. ಆದರೆ ಪತ್ತೇದಾರಿ ಕಥೆಯನ್ನು ಹಾಡು ಕೇಳಿದ ಹಾಗೆ ಕೇಳಲು ಹೋಗುತ್ತಾರೆ, ಅಲ್ಲೇ ಎಡವುತ್ತಾರೆ. ಪುಸ್ತಕ ಕೈಯಲ್ಲಿದ್ದರೆ ಅನುಮಾನ ಬಂದ ಕೂಡಲೇ ನಾಲ್ಕು ಪುಟ ಹಿಂದಕ್ಕೆ ತಿರುವುತ್ತೇವೆ, ಈ ಹೆಸರು ಎಲ್ಲಿ ಬಂದಿತ್ತು ಅಂತ ಹುಡುಕುತ್ತೇವೆ, ಕಣ್ಣು ತಾನಾಗಿ ಆ ಕೆಲಸ ಮಾಡಿಬಿಡುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. ಅದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಕೆಳಗೆ ಬರೆದಿರುವುದೆಲ್ಲ ಆ ಏರ್ಪಾಡೇ.

ಉದಾಹರಣೆಗೆ ಒಂದೇ ಪುಸ್ತಕ ಹಿಡಿದುಕೊಳ್ಳುತ್ತೇನೆ: ಆರ್ಥರ್ ಕಾನನ್ ಡಾಯ್ಲ್ ಬರೆದ 'ಎ ಸ್ಟಡಿ ಇನ್ ಸ್ಕಾರ್ಲೆಟ್'. ಪತ್ತೇದಾರ ಹೋಮ್ಸ್ ಮತ್ತು ಅವನ ಗೆಳೆಯ ಡಾಕ್ಟರ್ ವಾಟ್ಸನ್ ಮೊದಲ ಸಲ ಭೇಟಿಯಾಗುವುದು ಇದರಲ್ಲೇ. 1887ರಲ್ಲಿ ಲಂಡನ್ನಿನ ಒಂದು ಕ್ರಿಸ್ಮಸ್ ವಿಶೇಷಾಂಕದಲ್ಲಿ ಬಂತು. ಡಾಯ್ಲ್‌ಗೆ ಪೂರ್ತಿ ಹಕ್ಕಿಗೆ ಸಿಕ್ಕಿದ್ದು 25 ಪೌಂಡ್, ಅಷ್ಟೆ. ಕೊಲೆಗಾರ ಯಾರು ಅಂತ ನಾನು ಹೇಳುವುದಿಲ್ಲ, ಧೈರ್ಯವಾಗಿ ಓದಿ.

ಬೇಕಾಗುವುದು ಇಷ್ಟು: ಒಂದು ಫೋನು, ಇಯರ್‌ಫೋನು (ತಂತಿ ಇರುವುದಾದರೂ ಆಗುತ್ತದೆ), ಫೋನಿನಲ್ಲಿ 150 ಎಂಬಿ ಜಾಗ, ಒಂದು ಹಾಳೆ, ಒಂದು ಪೆನ್ನು. ಹಾಳೆ ಪೆನ್ನು ಯಾಕೆ ಅಂತ ನಗಬೇಡಿ, ಮುಂದೆ ಹೇಳುತ್ತೇನೆ.

1. ಮೊದಲ ಪುಸ್ತಕ ಚಿಕ್ಕದೇ ಇರಲಿ

ಇಂಗ್ಲಿಷನ್ನು ಗಟ್ಟಿಯಾಗಿ ಓದುವವರು ನಿಮಿಷಕ್ಕೆ ಸುಮಾರು 150ರಿಂದ 160 ಪದ ಓದುತ್ತಾರೆ. ಈ ಕಾದಂಬರಿ ಸುಮಾರು 43,000 ಪದ. ಲೆಕ್ಕ ಹಾಕಿ, ನಾಲ್ಕೂವರೆ ಗಂಟೆಯಿಂದ ಐದು ಗಂಟೆಯೊಳಗೆ ಮುಗಿಯುತ್ತದೆ. 14 ಅಧ್ಯಾಯ, ಒಂದೊಂದೂ ಸರಾಸರಿ 20 ನಿಮಿಷ. ಬಸ್ಸಿನಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಅಂದರೂ ಏಳು ಕೆಲಸದ ದಿನಕ್ಕೆ ಮುಗಿಯಿತು.

ಹನ್ನೆರಡು ಹದಿನೈದು ಗಂಟೆಯ ಪತ್ತೇದಾರಿ ಕಾದಂಬರಿಯಿಂದ ಶುರು ಮಾಡಿದರೆ ಏನಾಗುತ್ತದೆ ಗೊತ್ತಾ? ಮೊದಲ ದಿನ ಕೇಳಿದ ಸುಳಿವು ಇಪ್ಪತ್ತನೇ ದಿನ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ಅದು ತಲೆಯಿಂದ ಹಾರಿಹೋಗಿರುತ್ತದೆ. ಚಿಕ್ಕದರಲ್ಲಿ ಸುಳಿವಿಗೂ ಉತ್ತರಕ್ಕೂ ನಡುವೆ ಎರಡು ಮೂರು ದಿನ, ಜಾಸ್ತಿ ಅಂದರೆ ಒಂದು ವಾರ.

2. ಸರಿಯಾದ ಧ್ವನಿ ಹುಡುಕಿ

ಜನ ಜಾಸ್ತಿ ತಪ್ಪು ಮಾಡುವುದು ಈ ಹಂತದಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ.

ಪುಕ್ಕಟೆ ಬೇಕೆಂದರೆ ಲಿಬ್ರಿವಾಕ್ಸ್ ಇದೆ. 2005ರಿಂದ ನಡೆಯುತ್ತಿರುವ ಸ್ವಯಂಸೇವಕರ ಕೂಟ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ನಮ್ಮ ನಿಮ್ಮಂಥ ಜನ ಮನೆಯಲ್ಲೇ ಕೂತು ಓದಿ, ರೆಕಾರ್ಡ್ ಮಾಡಿ, ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಹೀಗೆ ಹಕ್ಕು ಮುಗಿದು ಎಲ್ಲರ ಸ್ವತ್ತಾಗುವುದಕ್ಕೆ ಪಬ್ಲಿಕ್ ಡೊಮೈನ್ ಅನ್ನುತ್ತಾರೆ. ಒಂದೇ ಪುಸ್ತಕಕ್ಕೆ ಅಲ್ಲಿ ಹಲವು ರೆಕಾರ್ಡಿಂಗ್ ಇರುತ್ತವೆ. ಹುಡುಕಿದಾಗ ಮೊದಲು ಬಂದದ್ದನ್ನೇ ಒತ್ತಬೇಡಿ. ಮೂರು ವಿಷಯ ನೋಡಿ.

ಪೂರ್ತಿ ಪುಸ್ತಕವನ್ನು ಒಬ್ಬರೇ ಓದಿದ್ದಾರಾ? ಅದಕ್ಕೆ 'ಸೋಲೋ' ಅಂತ ಗುರುತು ಇರುತ್ತದೆ. ಇನ್ನು ಕೆಲವು ರೆಕಾರ್ಡಿಂಗ್‌ಗಳಲ್ಲಿ ಅಧ್ಯಾಯಕ್ಕೊಬ್ಬರು ಓದಿರುತ್ತಾರೆ. ಈ ಕಾದಂಬರಿಗೆ ಅದು ಬೇಡ. ಕಥೆ ಹೇಳುವವನು ವಾಟ್ಸನ್, "ನಾನು ಹೀಗೆ ಮಾಡಿದೆ, ನಾನು ಹಾಗೆ ನೋಡಿದೆ" ಅಂತಲೇ ಹೋಗುತ್ತದೆ. ಆ "ನಾನು" ಒಂದು ಅಧ್ಯಾಯದಲ್ಲಿ ಗಡಸು ಗಂಡಸಿನ ದನಿ, ಮುಂದಿನದರಲ್ಲಿ ಅಮೆರಿಕದ ಹುಡುಗಿಯ ದನಿ ಆದರೆ ಕಿವಿ ಒಪ್ಪುವುದಿಲ್ಲ.

ಪೂರ್ತಿ ಪಠ್ಯ ಇದೆಯಾ? ಪೂರ್ತಿ ಇದ್ದರೆ 'ಅನ್‌ಅಬ್ರಿಜ್ಡ್' ಅಂತ ಬರೆದಿರುತ್ತಾರೆ, ಅಂದರೆ ಕತ್ತರಿ ಹಾಕಿಲ್ಲ. 'ಅಬ್ರಿಜ್ಡ್' ಅಂದರೆ ಕತ್ತರಿಸಿದ್ದು. ಪತ್ತೇದಾರಿ ಕಥೆಗೆ ಕತ್ತರಿ ಹಾಕಿದರೆ ಮೊದಲು ಹೋಗುವುದು ಸಣ್ಣಪುಟ್ಟ ವಿವರ, ಸುಳಿವುಗಳು ಅಡಗಿರುವುದೇ ಅದರಲ್ಲಿ. ಗುರುತು ಕಾಣದಿದ್ದರೆ ಒಟ್ಟು ಸಮಯ ನೋಡಿ, ಮೂರು ಗಂಟೆಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ.

ಆ ದನಿ ನಿಮಗೆ ಹಿಡಿಸುತ್ತದಾ? ಮೂರನೇ ಅಧ್ಯಾಯದ ಮಧ್ಯದಿಂದ ಎರಡು ನಿಮಿಷ ಕೇಳಿ. ಮೊದಲ ಅಧ್ಯಾಯದಲ್ಲಿ ಎಲ್ಲರೂ ಹುಮ್ಮಸ್ಸಿನಿಂದ ಓದಿರುತ್ತಾರೆ, ನಿಜವಾದ ಬಣ್ಣ ಕಾಣುವುದು ಆಮೇಲೆ. ಮಾತುಕತೆ ಬಂದಾಗ ಇಬ್ಬರು ಬೇರೆ ಬೇರೆ ಮನುಷ್ಯರು ಮಾತಾಡಿದಂತೆ ಕೇಳಿಸಬೇಕು. ಅದಕ್ಕೆ ನಾಟಕವೇ ಆಡಬೇಕೆಂದಿಲ್ಲ, ದನಿ ಒಂಚೂರು ಏರಿಳಿದರೂ ಸಾಕು.

ದುಡ್ಡು ಕೊಟ್ಟು ಕೇಳುವವರಿಗೆ ಆಡಿಬಲ್ ಅನ್ನುವ ಆಡಿಯೊಬುಕ್ ಆ್ಯಪ್‌ನಲ್ಲಿ ಇಂಗ್ಲಿಷ್ ನಟ ಸ್ಟೀಫನ್ ಫ್ರೈ ಓದಿರುವ ಪೂರ್ತಿ ಹೋಮ್ಸ್ ಸಂಗ್ರಹ ಇದೆ. ನಾಲ್ಕು ಕಾದಂಬರಿ, 56 ಸಣ್ಣ ಕಥೆ, ಎಲ್ಲ ಸೇರಿ 70 ಗಂಟೆಗೂ ಜಾಸ್ತಿ. ಓದು ಸೊಗಸಾಗಿದೆ. ಆದರೆ 70 ಗಂಟೆಯ ಗುಡ್ಡ ಕಂಡೇ ಎಷ್ಟೋ ಜನ ಹತ್ತುವುದಿಲ್ಲ. ಅದರಲ್ಲಿ ಮೊದಲ ಐದು ಗಂಟೆ ಮಾತ್ರ ನಿಮ್ಮ ಪುಸ್ತಕ ಅಂದುಕೊಳ್ಳಿ.

ರೇಡಿಯೊ ನಾಟಕ ಬೇರೆ, ಆಡಿಯೊಬುಕ್ ಬೇರೆ. ಬಿಬಿಸಿ ರೇಡಿಯೊ 4ರವರು 1989ರಿಂದ 1998ರವರೆಗೆ ಹೋಮ್ಸ್‌ನ ಅಷ್ಟೂ ಕಥೆಗಳನ್ನು ನಾಟಕ ಮಾಡಿದ್ದರು, ಕ್ಲೈವ್ ಮೆರಿಸನ್ ಹೋಮ್ಸ್ ಆಗಿ. ಆಕಾಶವಾಣಿ ನಾಟಕ ಕೇಳಿ ಬೆಳೆದವರಿಗೆ ಕುದುರೆ ಗೊರಸಿನ ಸದ್ದು, ಬಾಗಿಲ ಕಿರ್ರೆನ್ನುವುದು, ಎಲ್ಲ ಬಹಳ ಇಷ್ಟವಾಗುತ್ತದೆ. ಅದನ್ನು ಪುಸ್ತಕ ಮುಗಿಸಿದ ಮೇಲೆ ಕೇಳಿ. ಮೊದಲೇ ಕೇಳಿದರೆ ಗುಟ್ಟೂ ಹೋಯಿತು, ಪುಸ್ತಕವೂ ಹೋಯಿತು.

ಈಗ ಯಂತ್ರದ ದನಿಯ ರೆಕಾರ್ಡಿಂಗ್‌ಗಳು ವಿಡಿಯೊ ತಾಣಗಳಲ್ಲಿ ತುಂಬಿಹೋಗಿವೆ. ಕಂಡುಹಿಡಿಯುವುದು ಸುಲಭ. ಓದುವವರ ಹೆಸರು ಎಲ್ಲೂ ಇರುವುದಿಲ್ಲ, ಬೆಚ್ಚಿಬೀಳುವ ಮಾತೂ ತರಕಾರಿ ಪಟ್ಟಿ ಓದಿದಂತೆ ಬರುತ್ತದೆ. ಅಲ್ಲಿ ಇನ್ನೊಂದು ಅಪಾಯ, ಕೆಳಗಿನ ಕಾಮೆಂಟುಗಳು. ಯಾರೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನು ಮೊದಲ ಸಾಲಿನಲ್ಲೇ ಬರೆದಿರುತ್ತಾನೆ.

ಕಾನೂನಿನ ಮಾತು ಎರಡೇ ಸಾಲು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಹಾಗಾಗಿ ಇದನ್ನು ನಿಶ್ಚಿಂತೆಯಿಂದ ಇಳಿಸಿಕೊಳ್ಳಬಹುದು. ಇನ್ನೊಬ್ಬ ಹೆಸರಾಂತ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ಅಂದರೆ ಇಲ್ಲಿ ಆಕೆಯ ಪುಸ್ತಕಗಳಿಗೆ 2036ರ ಕೊನೆಯವರೆಗೂ ಹಕ್ಕು ಇದೆ. ಅಮೆರಿಕದ ಲೆಕ್ಕ ಬೇರೆ, ಅಲ್ಲಿ ಆಕೆಯ ಮೊದಮೊದಲ ಕೆಲವು ಪುಸ್ತಕಗಳು ಆಗಲೇ ಮುಕ್ತವಾಗಿವೆ. ಜಾಲತಾಣದಲ್ಲಿ ಪುಕ್ಕಟೆ ಕಂಡ ಮಾತ್ರಕ್ಕೆ ಇಲ್ಲೂ ಮುಕ್ತ ಅಂದುಕೊಳ್ಳಬೇಡಿ.

3. ಇಳಿಸಿಕೊಳ್ಳಿ, ಶಫಲ್ ಆಫ್ ಮಾಡಿ

ಲಿಬ್ರಿವಾಕ್ಸ್ ರೆಕಾರ್ಡಿಂಗ್‌ಗಳು 64 ಕೆಬಿಪಿಎಸ್, 128 ಕೆಬಿಪಿಎಸ್ ಅಂತ ಬೇರೆ ಬೇರೆ ಗಾತ್ರದಲ್ಲಿ ಸಿಗುತ್ತವೆ. ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ ಅದು. ಮಾತಿಗೆ 64 ಧಾರಾಳ. ಗಂಟೆಗೆ 29 ಎಂಬಿ ಆಸುಪಾಸು, ಪೂರ್ತಿ ಪುಸ್ತಕಕ್ಕೆ 140 ಎಂಬಿ ಒಳಗೆ. ಮನೆಯ ವೈಫೈನಲ್ಲಿ ಇಳಿಸಿಟ್ಟುಕೊಂಡುಬಿಡಿ. ದಾರಿಯಲ್ಲಿ ನೆಟ್ ಹೋಗಿ, ಹೋಮ್ಸ್ ಬಾಯಿ ತೆಗೆದ ಕ್ಷಣಕ್ಕೇ ಗೋಲ ತಿರುಗುತ್ತಾ ನಿಂತರೆ ಮೈಯೆಲ್ಲ ಉರಿಯುತ್ತದೆ.

ಕೇಳಲು ಹಾಡಿನ ಆ್ಯಪ್ ಬೇಡ. ಆಡಿಯೊಬುಕ್‌ಗೆಂದೇ ಇರುವ ಪ್ಲೇಯರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತವೆ. ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳಬೇಕು, 15 ಅಥವಾ 30 ಸೆಕೆಂಡು ಹಿಂದಕ್ಕೆ ಹೋಗುವ ಬಟನ್ ಇರಬೇಕು, ವೇಗ ಬದಲಿಸಲು ಬರಬೇಕು. ಈ ಮೂರಿದ್ದರೆ ಬೇರೇನೂ ಬೇಡ.

ಹಾಡಿನ ಆ್ಯಪ್ ಬೇಡ ಅಂದದ್ದು ಸುಮ್ನೆ ಅಲ್ಲ. ನಾನು ಮೊದಲ ಸಲ ಒಂದು ಪತ್ತೇದಾರಿ ಕಾದಂಬರಿ ಕೇಳಿದಾಗ, ಹಿಂದಿನ ದಿನ ಹಾಡಿಗೆ ಹಾಕಿದ್ದ ಶಫಲ್, ಅಂದರೆ ಹಾಡುಗಳನ್ನು ಕ್ರಮ ತಪ್ಪಿಸಿ ಹಾಕುವ ಗುಂಡಿ, ಹಾಗೇ ಇತ್ತು. ಎರಡನೇ ಅಧ್ಯಾಯ ಮುಗಿದದ್ದೇ ತಡ ನೇರವಾಗಿ ಕೊನೆಯ ಅಧ್ಯಾಯ ಶುರುವಾಯಿತು. ಲೇಖಕನ ಹೊಸ ಪ್ರಯೋಗ ಇರಬೇಕು ಅಂದುಕೊಂಡು ಆರು ನಿಮಿಷ ಭಕ್ತಿಯಿಂದ ಕೇಳಿದೆ.

ಲಿಬ್ರಿವಾಕ್ಸ್ ಫೈಲುಗಳಲ್ಲಿ ಪ್ರತಿ ಅಧ್ಯಾಯದ ತಲೆಗೂ "ಇದು ಲಿಬ್ರಿವಾಕ್ಸ್ ರೆಕಾರ್ಡಿಂಗ್" ಅನ್ನುವ ಪ್ರಕಟಣೆ ಬರುತ್ತದೆ. 15 ಸೆಕೆಂಡು ಮುಂದಕ್ಕೆ ಒತ್ತಿ. ನಾನಂತೂ ಅದನ್ನು ಇಯರ್‌ಫೋನ್ ಸರಿ ಮಾಡಿಕೊಳ್ಳುವ ಸಮಯ ಅಂತ ಇಟ್ಟುಕೊಂಡಿದ್ದೇನೆ.

4. ಮೊದಲ ಮೂರು ನಿಮಿಷ ತಡೆದುಕೊಳ್ಳಿ

ಈ ಪುಸ್ತಕ ಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟದ್ದು ಇಲ್ಲೇ. ಕಥೆ ಶುರುವಾಗುವುದು ವಾಟ್ಸನ್‌ನ ಹಿಂದಿನ ಬದುಕಿನಿಂದ. ಲಂಡನ್ನಿನಲ್ಲಿ ಡಾಕ್ಟರಿಕೆ ಓದಿದ್ದು, ಸೈನ್ಯ ಸೇರಿದ್ದು, ಬೊಂಬಾಯಿಗೆ ಬಂದದ್ದು, ಕಂದಹಾರ್, ಮೈವಾಂದ್ ಯುದ್ಧ, ಭುಜಕ್ಕೆ ಜಜೇಲ್ ಗುಂಡು, ಪೇಶಾವರದ ಆಸ್ಪತ್ರೆ, ಎಂಟರಿಕ್ ಜ್ವರ, ಒರೊಂಟಿಸ್ ಹಡಗು, ಪೋರ್ಟ್ಸ್‌ಮತ್ ಬಂದರು. ಇಷ್ಟೂ ಮೂರು ನಿಮಿಷದ ಒಳಗೆ. ರೆಜಿಮೆಂಟುಗಳ ಹೆಸರು ಬೇರೆ.

ಹೆದರಬೇಡಿ, ಇದರಲ್ಲಿ ಯಾವ ಸುಳಿವೂ ಇಲ್ಲ. ನೆನಪಿಟ್ಟುಕೊಳ್ಳಬೇಕಾದದ್ದು ಒಂದೇ ಸಾಲು: ಅಫ್ಘಾನಿಸ್ತಾನದ ಯುದ್ಧದಲ್ಲಿ ಗುಂಡೇಟು ತಿಂದ ಸೈನ್ಯದ ಡಾಕ್ಟರು, ಬಡಕಲಾಗಿ, ಬಿಸಿಲಿಗೆ ಕಪ್ಪಾಗಿ, ಕೈಯಲ್ಲಿ ಕಾಸಿಲ್ಲದೆ ಲಂಡನ್ನಿಗೆ ವಾಪಸು ಬಂದಿದ್ದಾನೆ. ಸ್ವಲ್ಪ ಹೊತ್ತಿಗೆ ಹೋಮ್ಸ್ ಅವನ ಕೈ ಕುಲುಕಿದ ಕೂಡಲೇ ಅಫ್ಘಾನಿಸ್ತಾನದ ಮಾತೆತ್ತುತ್ತಾನಲ್ಲ, ಅದು ಹೇಗೆ ಸಾಧ್ಯವಾಯಿತು ಅಂತ ತಿಳಿಯಲು ಇಷ್ಟು ಸಾಕು. ಜಜೇಲ್ ಅಂದರೆ ಅಫ್ಘನ್ನರ ಉದ್ದ ಕೊಳವೆಯ ಬಂದೂಕು. ಎಂಟರಿಕ್ ಜ್ವರ ಅಂದರೆ ನಮ್ಮ ಟೈಫಾಯ್ಡ್.

ಮೊದಲ ಅಧ್ಯಾಯವನ್ನು ಮಾತ್ರ ಎರಡು ಸಲ ಕೇಳಿ ಅನ್ನುವುದು ನನ್ನ ಸಲಹೆ. ಒಂದು ಸಲ 0.9 ವೇಗದಲ್ಲಿ, ಇನ್ನೊಂದು ಸಲ ಮಾಮೂಲಿ ವೇಗದಲ್ಲಿ. ಕಿವಿ ಆ ದನಿಗೆ, ಆ ಕಾಲದ ಇಂಗ್ಲಿಷಿಗೆ ಒಗ್ಗಿಕೊಳ್ಳಲು ಇಪ್ಪತ್ತು ನಿಮಿಷ ಬೇಕೇ ಬೇಕು. ಅದಕ್ಕೂ ಆಗಲಿಲ್ಲ ಅಂದರೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಸ್ತಕದ ಪಠ್ಯ ಪುಕ್ಕಟೆ ಇದೆ. ತೆರೆದಿಟ್ಟುಕೊಂಡು ಮೊದಲ ಅಧ್ಯಾಯ ನೋಡುತ್ತಾ ಕೇಳಿ, ಎರಡನೆಯದಕ್ಕೆ ಮುಚ್ಚಿಬಿಡಿ.

5. ಹಾಳೆಯ ಮೇಲೆ ಹೆಸರು

ಈಗ ಹಾಳೆ ಪೆನ್ನಿನ ವಿಷಯ. ಕೇಳುವ ಮೊದಲೇ ಈ ಐದು ಹೆಸರು ಕನ್ನಡದಲ್ಲೇ ಬರೆದುಕೊಳ್ಳಿ, ಕಿವಿಗೆ ಹೇಗೆ ಬೀಳುತ್ತದೋ ಹಾಗೆ. ವಾಟ್ಸನ್, ಕಥೆ ಹೇಳುವವನು. ಹೋಮ್ಸ್. ಗ್ರೆಗ್ಸನ್ ಮತ್ತು ಲೆಸ್ಟ್ರೇಡ್, ಇಬ್ಬರೂ ಸ್ಕಾಟ್ಲೆಂಡ್ ಯಾರ್ಡ್ ಅಂದರೆ ಲಂಡನ್ ಪೊಲೀಸಿನ ಪತ್ತೇದಾರರು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಐದನೆಯದು ಡ್ರೆಬ್ಬರ್, ಖಾಲಿ ಮನೆಯಲ್ಲಿ ಹೆಣವಾಗಿ ಸಿಗುವವನು.

ಗ್ರೆಗ್ಸನ್ ಎತ್ತರ, ಬಿಳುಚು ಮುಖ. ಲೆಸ್ಟ್ರೇಡ್ ಸಣಕಲ, ಮುಂಗುಸಿಯನ್ನು ಹೋಲುವ ಫೆರೆಟ್ ಅನ್ನುವ ಪ್ರಾಣಿಯ ಹಾಗಿನ ಮುಖ. ಹೆಸರಿನ ಪಕ್ಕ ಹೀಗೆ ಒಂದೊಂದು ಚಹರೆ ಬರೆದರೆ ಸಾಕು, ಕಿವಿಗೆ ಮುಖ ಸಿಕ್ಕಿಬಿಡುತ್ತದೆ. ಮುಂದೆ ಬರುವ ಹೆಸರುಗಳನ್ನು ಬಂದ ಹಾಗೆ ಸೇರಿಸಿ. ಸ್ಟ್ಯಾಂಫರ್ಡ್ ಅಂತ ಒಬ್ಬ ಮೊದಲ ಅಧ್ಯಾಯದಲ್ಲಿ ಬಹಳ ಮಾತಾಡುತ್ತಾನೆ, ಅವನನ್ನು ಬರೆಯಬೇಡಿ. ಇಬ್ಬರನ್ನು ಪರಿಚಯ ಮಾಡಿಸುವುದಷ್ಟೇ ಅವನ ಕೆಲಸ, ಬ್ರೋಕರ್ ಇದ್ದ ಹಾಗೆ.

ಬಸ್ಸಿನಲ್ಲಿ ನಿಂತುಕೊಂಡು ಬರೆಯುವುದು ಎಲ್ಲಿಂದ ಬಂತು ಅನ್ನುತ್ತೀರಾ? ಅಧ್ಯಾಯ ಮುಗಿದ ಮೇಲೆ ಬರೆಯಿರಿ. ನೆನಪಾಗದ ಹೆಸರು ಇದ್ದರೆ ಅದೇ ನಿಮಗೆ ಸೂಚನೆ, ಆ ಅಧ್ಯಾಯದಲ್ಲಿ ಎಲ್ಲೋ ಗಮನ ತಪ್ಪಿದೆ.

6. ಗಾಡಿ, ದುಡ್ಡು, ಹಳೇ ಮಾತು

ಹೋಮ್ಸ್ ಕಾಲದ ಲಂಡನ್ನಿನಲ್ಲಿ ಬಾಡಿಗೆಗೆ ಎರಡು ಥರದ ಕುದುರೆಗಾಡಿ. 'ಹ್ಯಾನ್ಸಮ್' ಅಂದರೆ ಎರಡು ಚಕ್ರದ್ದು, ಇಬ್ಬರು ಕೂರಬಹುದು, ಓಡಿಸುವವನು ಹಿಂದೆ ಎತ್ತರದಲ್ಲಿ ಕೂತಿರುತ್ತಾನೆ. 'ಗ್ರೌಲರ್' ಅಥವಾ 'ಫೋರ್ ವ್ಹೀಲರ್' ಅಂದರೆ ನಾಲ್ಕು ಚಕ್ರದ ಮುಚ್ಚಿದ ಗಾಡಿ, ನಿಧಾನ. 'ಬ್ರೂಮ್' ಅಂತ ಕೇಳಿಸಿದರೆ ಕಸಬರಿಕೆ ಅಂದುಕೊಳ್ಳಬೇಡಿ, ಅದು ಉಳ್ಳವರ ಸ್ವಂತ ಗಾಡಿ. ನಮ್ಮ ಜಟಕಾಕ್ಕೂ ಸಾರೋಟಿಗೂ ಇರುವಷ್ಟು ವ್ಯತ್ಯಾಸ ಅನ್ನಿ. ಈ ಕಥೆಯಲ್ಲಿ ಗಾಡಿ ಯಾವುದು ಅನ್ನುವುದು ಅಲಂಕಾರಕ್ಕೆ ಬಂದ ಮಾತಲ್ಲ. ಹೋಮ್ಸ್ ಕೊಲೆ ನಡೆದ ಮನೆಯ ಒಳಗೆ ಹೋಗುವ ಮೊದಲೇ ಬೀದಿಯ ಕೆಸರು ನೋಡುತ್ತಾ ಹೊತ್ತು ಕಳೆಯುತ್ತಾನಲ್ಲ, ಯಾಕೆ ಅಂತ ತಲೆಯಲ್ಲಿ ಇಟ್ಟುಕೊಳ್ಳಿ.

ದುಡ್ಡು: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. 'ಸಾವರಿನ್' ಅಂದರೆ ಒಂದು ಪೌಂಡಿನ ಚಿನ್ನದ ನಾಣ್ಯ, 'ಹಾಫ್ ಸಾವರಿನ್' 10 ಶಿಲ್ಲಿಂಗ್. ವಾಟ್ಸನ್‌ಗೆ ಸರ್ಕಾರ ಕೊಡುವುದು ದಿನಕ್ಕೆ ಹನ್ನೊಂದೂವರೆ ಶಿಲ್ಲಿಂಗ್. ನಾಲ್ಕನೇ ಅಧ್ಯಾಯದಲ್ಲಿ ಹೋಮ್ಸ್ ಒಬ್ಬ ಪೇದೆಯನ್ನು ಮಾತಾಡಿಸಲು ಹಾಫ್ ಸಾವರಿನ್ ತೆಗೆದು ತೋರಿಸುತ್ತಾನೆ. ವಾಟ್ಸನ್‌ನ ಹೆಚ್ಚುಕಡಿಮೆ ಒಂದು ದಿನದ ಬದುಕು ಆ ನಾಣ್ಯದಲ್ಲಿದೆ. ಈ ಲೆಕ್ಕ ಗೊತ್ತಿದ್ದರೆ ಪೇದೆಯ ಕಣ್ಣು ಯಾಕೆ ಅದರ ಮೇಲೇ ಇದೆ ಅಂತ ಹೇಳಬೇಕಾಗಿಲ್ಲ.

ಮಾತುಗಳಲ್ಲಿ 'ಸಿಂಗ್ಯುಲರ್' ಎಂದರೆ ಡಾಯ್ಲ್‌ಗೆ ಏಕವಚನವಲ್ಲ, ವಿಚಿತ್ರ ಅಂತ. 'ಪ್ರೆಸೆಂಟ್ಲಿ' ಅಂದರೆ ಸ್ವಲ್ಪ ಹೊತ್ತಿಗೆ. 'ಐ ಫ್ಯಾನ್ಸಿ' ಅಂದರೆ ನನಗನ್ನಿಸುತ್ತದೆ. ಉಳಿದದ್ದು ಕೇಳುತ್ತಾ ತಾನಾಗೇ ಬರುತ್ತದೆ.

7. ಮೂರನೇ ಅಧ್ಯಾಯವನ್ನು ಕೂತು ಕೇಳಿ

ಬೇರೆ ಎಲ್ಲವನ್ನೂ ಪಾತ್ರೆ ತೊಳೆಯುತ್ತಾ ಕೇಳಿದರೂ ನಡೆಯುತ್ತದೆ. ಮೂರನೆಯದು ಬೇಡ. ಬ್ರಿಕ್ಸ್‌ಟನ್ ರಸ್ತೆಯ ಪಕ್ಕದ ಖಾಲಿ ಮನೆ, ಒಳಗೆ ಹೆಣ, ಮೈಮೇಲೆ ಗಾಯ ಇಲ್ಲ, ಆದರೂ ಕೋಣೆಯಲ್ಲಿ ರಕ್ತ. ಹೋಮ್ಸ್ ಜೇಬಿನಿಂದ ಅಳತೆಯ ಟೇಪನ್ನೂ ದೊಡ್ಡ ಭೂತಗನ್ನಡಿಯನ್ನೂ ತೆಗೆದು ಕೋಣೆ ತುಂಬಾ ಓಡಾಡುತ್ತಾನೆ, ಮಂಡಿಯೂರುತ್ತಾನೆ, ಒಂದು ಕಡೆ ನೆಲಕ್ಕೆ ಬೋರಲು ಮಲಗಿಯೇಬಿಡುತ್ತಾನೆ, ತನ್ನಷ್ಟಕ್ಕೇ ಗೊಣಗುತ್ತಾನೆ. ನೆಲದಿಂದ ಒಂದು ಚಿಟಿಕೆ ಬೂದು ಬಣ್ಣದ ಪುಡಿ ಎತ್ತಿ ಲಕೋಟೆಗೆ ಹಾಕಿಕೊಳ್ಳುತ್ತಾನೆ. ಈ ಪುಡಿಯ ಮಾತು ಒಂದೇ ವಾಕ್ಯ. ಕುಕ್ಕರ್ ಕೂಗಿದರೆ ಹೋಯಿತು.

ಅಧ್ಯಾಯದ ಕೊನೆಗೆ ಕೊಲೆಗಾರನ ಬಗ್ಗೆ ಒಂದೇ ಉಸಿರಿನಲ್ಲಿ ಪಟ್ಟಿ ಕೊಡುತ್ತಾನೆ. ಎತ್ತರ ಎಷ್ಟು, ಬೂಟಿನ ಮುಂಭಾಗ ಹೇಗಿತ್ತು, ಯಾವ ಗಾಡಿಯಲ್ಲಿ ಬಂದ, ಕುದುರೆಯ ಮೂರು ಲಾಳ ಹಳೆಯದು, ಒಂದು ಹೊಸದು. ಹೊಸದು ಯಾವ ಕಾಲಿಗೆ? 'ಆಫ್ ಫೋರ್ ಲೆಗ್' ಅನ್ನುತ್ತಾನೆ, ಅಂದರೆ ಬಲ ಮುಂಗಾಲು, ಗಾಡಿಯವರ ಮಾತು ಅದು. ಅದೇ ಉಸಿರಿನಲ್ಲಿ ಒಂದು ಸಿಗಾರಿನ ಹೆಸರು ಬರುತ್ತದೆ, 'ಟ್ರಿಚಿನಾಪಲಿ'. ಇಂಗ್ಲಿಷ್ ಬಾಯಲ್ಲಿ ಅದು ಏನೋ ಇಟಲಿಯ ಊರಿನಂತೆ ಕೇಳಿಸುತ್ತದೆ. ನಾನು ಎರಡು ಸಲ ಹಿಂದಕ್ಕೆ ಒತ್ತಿ ಕೇಳಿದ ಮೇಲೆ ಹೊಳೆಯಿತು, ಇದು ನಮ್ಮ ಪಕ್ಕದ ತಿರುಚಿರಾಪಳ್ಳಿ! ಆ ಕಡೆಯ ಹೊಗೆಸೊಪ್ಪಿನ ಚುಟ್ಟ ಆಗ ಲಂಡನ್ನಿನವರೆಗೂ ಹೋಗುತ್ತಿತ್ತು. ಲಕೋಟೆಯ ಬೂದು ಪುಡಿ ನೆನಪಿದ್ದವರಿಗೆ ಇಲ್ಲಿ ಮಜಾ.

ಗೋಡೆಯ ಮೇಲೆ ರಕ್ತದಲ್ಲಿ ಒಂದು ಪದ ಬರೆದಿರುತ್ತದೆ. ಇದು ಕಣ್ಣಿಗೆಂದೇ ಇಟ್ಟ ಸುಳಿವು, ಕಿವಿಯಲ್ಲಿ ಸರಿಯಾಗಿ ಬರುವುದಿಲ್ಲ. ಓದುವವರು ಅಕ್ಷರ ಬಿಡಿಸಿ ಹೇಳಿದರೆ ಸರಿ, ಪದವಾಗಿ ಉಚ್ಚರಿಸಿಬಿಟ್ಟರೆ ಲೆಸ್ಟ್ರೇಡ್ ಯಾಕೆ ಅದನ್ನು ಒಬ್ಬ ಹೆಂಗಸಿನ ಹೆಸರು ಅಂತ ವಾದ ಮಾಡುತ್ತಾನೆ ಅನ್ನುವುದೇ ತಿಳಿಯುವುದಿಲ್ಲ. ಹಾಗಾಗಿ ಹಾಳೆಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳಿ: ಆರ್, ಎ, ಸಿ, ಎಚ್, ಇ. ಇದಕ್ಕೆ ಕೊನೆಯಲ್ಲಿ ಒಂದು 'ಎಲ್' ಸೇರಿಸಿ ನೋಡಿ, ಲೆಸ್ಟ್ರೇಡ್‌ನ ತಲೆ ಎಲ್ಲಿ ಓಡಿತು ಅಂತ ಗೊತ್ತಾಗುತ್ತದೆ. ಹೋಮ್ಸ್‌ನ ಉತ್ತರ ಅವನ ಬಾಯಲ್ಲೇ ಕೇಳಿ.

8. ವೇಗ, ಜಾಗ, ನಿದ್ದೆ

ಪಾಡ್‌ಕಾಸ್ಟ್ ಕೇಳುವವರಿಗೆ 1.5 ವೇಗ ಅಭ್ಯಾಸವಾಗಿರುತ್ತದೆ. ಇಲ್ಲಿ ಬೇಡ. ಒಂದು ಒಳ್ಳೆಯ ಓದಿನಲ್ಲಿ ತಡೆದು ನಿಲ್ಲುವುದೂ ಓದಿನ ಭಾಗವೇ. ಹೋಮ್ಸ್ ಉತ್ತರ ಕೊಡುವ ಮುಂಚಿನ ಅರ್ಧ ಸೆಕೆಂಡಿನ ಮೌನವನ್ನು ವೇಗ ನುಂಗಿಬಿಡುತ್ತದೆ. ತೀರಾ ಎಳೆದು ಓದುವವರಾದರೆ 1.1, ಅಷ್ಟೆ.

ಗಾಡಿ ಓಡಿಸುವಾಗ ಇಯರ್‌ಫೋನ್ ಬೇಡ, ಸ್ಕೂಟರ್ ಮೇಲಂತೂ ಬೇಡವೇ ಬೇಡ. ರಸ್ತೆ ಬದಿ ನಡೆಯುವಾಗ ಒಂದೇ ಕಿವಿಗೆ ಹಾಕಿಕೊಳ್ಳಿ.

ಮಲಗುವಾಗ ಕೇಳುವುದು ಎಲ್ಲರಿಗೂ ಇಷ್ಟ. ಆದರೆ ಮುಖ್ಯವಾದ ಸುಳಿವು ಬರುವುದು ನಿಮಗೆ ಜೊಂಪು ಹತ್ತಿದ ಆ ಎರಡು ನಿಮಿಷದಲ್ಲೇ. ಸ್ಲೀಪ್ ಟೈಮರ್ ಅಂತ ಇರುತ್ತದೆ, ಹೇಳಿದ ಸಮಯಕ್ಕೆ ತಾನೇ ನಿಲ್ಲುತ್ತದೆ. 15 ನಿಮಿಷಕ್ಕೆ ಇಡಿ. ಬೆಳಗ್ಗೆ ನಿಂತ ಜಾಗದಿಂದ ಶುರು ಮಾಡದೆ, ನಿಮಗೆ ಚೆನ್ನಾಗಿ ನೆನಪಿರುವ ಕೊನೆಯ ಮಾತಿನಿಂದ ಶುರು ಮಾಡಿ. ನಿದ್ದೆ ಬಂದಿರಲಿಲ್ಲ, ಎಲ್ಲಾ ಕೇಳಿಸಿಕೊಂಡಿದ್ದೆ ಅಂತ ನಮಗೆ ನಾವೇ ಹೇಳಿಕೊಳ್ಳುತ್ತೇವೆ, ಸುಳ್ಳು.

9. ಎರಡನೇ ಭಾಗ ಬಂದಾಗ ಫೋನು ಕುಟ್ಟಬೇಡಿ

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು: "ಅರ್ಧಕ್ಕೆ ಬೇರೆ ಪುಸ್ತಕದ ಫೈಲು ಸೇರಿಕೊಂಡಿದೆ, ಸರಿಯಾದದ್ದು ಎಲ್ಲಿ ಸಿಗುತ್ತದೆ?"

ಏನೂ ಸೇರಿಕೊಂಡಿಲ್ಲ. ಪುಸ್ತಕ ಇರುವುದೇ ಹಾಗೆ. ಏಳನೇ ಅಧ್ಯಾಯದ ಕೊನೆಗೆ ಒಬ್ಬನ ಕೈಗೆ ಕೋಳ ಬೀಳುತ್ತದೆ. ಎಂಟನೇ ಫೈಲು ಹಾಕಿದರೆ ಲಂಡನ್ ಇಲ್ಲ, ಹೋಮ್ಸ್ ಇಲ್ಲ, "ನಾನು" ಅನ್ನುವ ವಾಟ್ಸನ್ನೂ ಇಲ್ಲ. ಅಮೆರಿಕದ ಒಂದು ಮರುಭೂಮಿ, ಬಾಯಾರಿ ಸಾಯುವಂತಾದ ಒಬ್ಬ ಮನುಷ್ಯ, ತಾರೀಖು 1847ರ ಮೇ 4. ಈ ತಾರೀಖು ಕಿವಿಗೆ ಬಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ ಅಂತ ಅರ್ಥ. ಐದು ಅಧ್ಯಾಯ ಹೀಗೇ ಹೋಗುತ್ತದೆ, ಅಂದರೆ ಒಂದೂವರೆ ಗಂಟೆಯಿಂದ ಎರಡು ಗಂಟೆ. ಕೊಲೆ ಯಾರು ಮಾಡಿದರು ಅನ್ನುವುದು ಮೊದಲ ಭಾಗ, ಯಾಕೆ ಮಾಡಿದರು ಅನ್ನುವುದು ಇದು. ಕೊನೆಯ ಎರಡು ಅಧ್ಯಾಯಕ್ಕೆ ವಾಟ್ಸನ್ ವಾಪಸು ಬರುತ್ತಾನೆ.

ಪುಸ್ತಕದಲ್ಲಿ ಓದುವವರಿಗೆ ಇಲ್ಲಿ "ಎರಡನೇ ಭಾಗ" ಅಂತ ಒಂದು ಪುಟವೇ ಸಿಗುತ್ತದೆ, ಕಣ್ಣಿಗೆ ಬಾಗಿಲು ಕಂಡಂತೆ. ಕೇಳುವವರಿಗೆ ಅದು ಅರ್ಧ ಸೆಕೆಂಡಿನ ಮಾತು, ಅದೂ ನೀವು ಪ್ರಕಟಣೆ ಹಾರಿಸಲು ಬಟನ್ ಒತ್ತಿದಾಗ ಹೋಗಿಬಿಟ್ಟಿರುತ್ತದೆ. ಎಂಟನೇ ಫೈಲಿಗೆ ಮಾತ್ರ ಬಟನ್ ಒತ್ತಬೇಡಿ.

ಈ ಭಾಗ ನನಗೆ ಅಷ್ಟೇನೂ ಇಷ್ಟವಿಲ್ಲ, ಹೇಳಿಬಿಡುತ್ತೇನೆ. ಅಮೆರಿಕದ ಯೂಟಾದಲ್ಲಿ ನೆಲೆಸಿದ್ದ ಮಾರ್ಮನ್ ಅನ್ನುವ ಕ್ರೈಸ್ತ ಪಂಥದವರನ್ನು ಡಾಯ್ಲ್ ತೀರಾ ರಾಕ್ಷಸರಂತೆ ತೋರಿಸುತ್ತಾನೆ. ಬ್ರಿಗಮ್ ಯಂಗ್ ಅನ್ನುವ ಅವರ ನಾಯಕ ನಿಜವಾಗಿ ಇದ್ದವನು, ಆದರೆ ಇಲ್ಲಿರುವುದು ಆ ಕಾಲದ ಇಂಗ್ಲೆಂಡಿನಲ್ಲಿ ಓಡಾಡುತ್ತಿದ್ದ ರೋಚಕ ಕಥೆಗಳ ಚಿತ್ರ. ಇತಿಹಾಸ ಅಂತ ತೆಗೆದುಕೊಳ್ಳಬೇಡಿ. ಹಾಗಂತ ಹಾರಿಸಲೂಬೇಡಿ, ಕೊನೆಯ ಎರಡು ಅಧ್ಯಾಯದ ಅರ್ಧ ಮಾತು ತಲೆಗೆ ಹೋಗುವುದಿಲ್ಲ. ಬೇಕಾದರೆ ಇದೊಂದು ಭಾಗಕ್ಕೆ ವೇಗ 1.2 ಮಾಡಿಕೊಳ್ಳಿ, ಯಾರಿಗೂ ಹೇಳುವುದಿಲ್ಲ. ಹೊಸ ಹೆಸರುಗಳಿಗೆ ಹಾಳೆಯ ಹಿಂಬದಿ ಬಳಸಿ. ಮುಂಬದಿಯಲ್ಲಿರುವ ಒಂದೆರಡು ಹೆಸರು ಹಿಂಬದಿಗೂ ಬರುತ್ತವೆ, ಅಲ್ಲಿ ಗೆರೆ ಎಳೆಯಿರಿ.

10. ಮುಗಿದ ಮೇಲೆ

ಮೂರನೇ ಮತ್ತು ನಾಲ್ಕನೇ ಅಧ್ಯಾಯ ಇನ್ನೊಮ್ಮೆ ಕೇಳಿ. ಒಂದು ಗಂಟೆಯೂ ಬೇಡ. ಉತ್ತರ ಗೊತ್ತಿದ್ದು ಕೇಳಿದಾಗ, ಡಾಯ್ಲ್ ಯಾವ ಸುಳಿವನ್ನು ನಮ್ಮ ಮುಂದೆ ಇಟ್ಟಿದ್ದ, ಯಾವುದನ್ನು ಹೋಮ್ಸ್‌ನ ಜೇಬಿನಲ್ಲಿ ಮುಚ್ಚಿಟ್ಟಿದ್ದ ಅಂತ ಕಾಣುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಒಂದು ಮುಖ್ಯ ವಿಷಯವನ್ನು ನಮಗೆ ಹೇಳದೆ ಮೋಸ ಮಾಡಿದ್ದಾನೆ. ಯಾವುದು ಅಂತ ನೀವೇ ಕಂಡುಹಿಡಿಯಿರಿ.

ಮುಂದಿನ ಪುಸ್ತಕ ಬೇಕೆಂದರೆ 1890ರ 'ದ ಸೈನ್ ಆಫ್ ದ ಫೋರ್'. ಇದೇ ಉದ್ದ, 12 ಅಧ್ಯಾಯ. ಇದರ ಬೇರು ಇರುವುದು 1857ರ ಆಗ್ರಾ ಕೋಟೆಯಲ್ಲಿ, ಹಾಗಾಗಿ ಹೆಸರುಗಳು ನಮ್ಮ ಕಿವಿಗೆ ಹತ್ತಿರ, ಆದರೆ ಇಂಗ್ಲಿಷ್ ಬಾಯಲ್ಲಿ ತಿರುಚಿಕೊಂಡಿರುತ್ತವೆ. ಅಂಡಮಾನಿನ ಮೂಲನಿವಾಸಿಯ ವರ್ಣನೆ ಈಗ ಕೇಳಲು ಮುಜುಗರ ಆಗುತ್ತದೆ, ಮೊದಲೇ ತಿಳಿದಿರಲಿ. ಕೊನೆಯ ಅಧ್ಯಾಯ ಉಳಿದವುಗಳಿಗಿಂತ ಬಹಳ ಉದ್ದ. ಬಸ್ಸಿನ ದಾರಿಗೆ ಸಾಲುವುದಿಲ್ಲ, ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಹಳೇ ಹಾಳೆ ಬಿಸಾಡಬೇಡಿ. ಲೆಸ್ಟ್ರೇಡ್ ಮುಂದಿನ ಎಷ್ಟೋ ಕಥೆಗಳಿಗೆ ಬರುತ್ತಾನೆ. ವಾಟ್ಸನ್‌ನ ಹೆಸರಿನ ಪಕ್ಕ "ಭುಜಕ್ಕೆ ಗುಂಡು" ಅಂತ ಬರೆದಿದ್ದೀರಿ ತಾನೆ? ಎರಡನೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಅವನು ಯಾವ ಜಾಗ ನೀವಿಕೊಳ್ಳುತ್ತಾ ಕೂತಿರುತ್ತಾನೆ ಅಂತ ಗಮನವಿಟ್ಟು ಕೇಳಿ.